ತುಟಿ ನೋಡುವ ಕೆಲಸ

ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವವನು ಅಂತ ನಾವು ಸುಮ್ನೆ ನಂಬಿಕೊಂಡಿದ್ದೆವು. 1996ರಲ್ಲಿ ಫ್ರಾನ್ಸ್‌ನ ಕಡು ಬಲಪಂಥೀಯ ರಾಜಕಾರಣಿ ಜಾನ್-ಮಾರಿ ಲೆ ಪೆನ್ ನಮ್ಮ ಕಣ್ಣು ತೆರೆಸಿದರು. ನೋಡಬೇಕಾದದ್ದು ಕಾಲನ್ನಲ್ಲವಂತೆ, ತುಟಿಯನ್ನು! ರಾಷ್ಟ್ರಗೀತೆ ಮೊಳಗುವಾಗ ಅದು ಅಲ್ಲಾಡುತ್ತದೋ ಇಲ್ಲವೋ? ಹೊರದೇಶದವರನ್ನು ತಂದು ಫ್ರಾನ್ಸ್ ತಂಡ ಅನ್ನುವುದು ಕೃತಕ ಅಂತಲೂ ಅವರು ಗೊಣಗಿದರು.

ಆ ತಂಡದಲ್ಲಿ ಡಿಫೆಂಡರ್ ಲಿಲಿಯಾನ್ ತುರಾಮ್ ಇದ್ದರು. ಹುಟ್ಟಿದ್ದು 1972ರಲ್ಲಿ, ಕೆರಿಬಿಯನ್ ಸಮುದ್ರದಲ್ಲಿದ್ದರೂ ಫ್ರಾನ್ಸ್‌ನದೇ ಭಾಗವಾದ ಗ್ವಾಡೆಲೂಪ್‌ನಲ್ಲಿ. ಫ್ರೆಂಚರು ಆ ದ್ವೀಪಕ್ಕೆ ಕಾಲಿಟ್ಟು ತಮ್ಮದು ಅಂದದ್ದು 1635ರಲ್ಲಿ. ಫ್ರಾನ್ಸ್‌ನ ಹೆಸರಾಂತ ಕಡಲೂರು ನೀಸ್ ಆ ದೇಶಕ್ಕೆ ಸೇರಿದ್ದು 1860ರಲ್ಲಿ. ಲೆಕ್ಕ ಹಾಕಿದರೆ ನೀಸ್‌ನವನೇ ಹೊಸ ನೆಂಟ, ಅಲ್ವಾ? ಆದರೆ ಅವನ ತುಟಿಗೆ ಯಾರೂ ಕಾವಲು ಕೂರಲಿಲ್ಲ. ಒಂಬತ್ತನೇ ವಯಸ್ಸಿಗೆ ಪ್ಯಾರಿಸ್ ಕಡೆಗೆ ಬಂದ ಮೇಲೆಯೇ ತಾನು ಕಪ್ಪು ಅಂತ ಗೊತ್ತಾಯಿತು ಎಂದು ತುರಾಮ್ ಹೇಳಿಕೊಂಡಿದ್ದಾರೆ. ಶಾಲೆಯಲ್ಲಿ ಅಷ್ಟಾದರೂ ಕಲಿಸಿದರಲ್ಲ!

1998ರ ಜುಲೈ 8. ವಿಶ್ವಕಪ್ ಸೆಮಿಫೈನಲ್. ಕ್ರೊಯೇಷಿಯಾದ ಶೂಕರ್ ಗೋಲು ಹೊಡೆದರು. ಡಿಫೆಂಡರ್‌ಗಳನ್ನು ದಾಟಿ ನಿಂತು ಆಫ್‌ಸೈಡ್, ಅಂದರೆ ಗೋಲು ರದ್ದು, ಆಗಬೇಕಿದ್ದ ಅವರನ್ನು ಹಿಂದೆ ಉಳಿದು ಕಾಪಾಡಿದ್ದು ನಮ್ಮ ತುರಾಮ್ ಅವರೇ. ತಪ್ಪು ಮಾಡಿದವರು ಮರು ನಿಮಿಷವೇ ಮುಂದಕ್ಕೆ ನುಗ್ಗಿ ಸಮ ಮಾಡಿದರು. 70ನೇ ನಿಮಿಷದಲ್ಲಿ ಎಡಗಾಲಿನಿಂದ ಇನ್ನೊಂದು. ಆಮೇಲೆ ಮಂಡಿಯೂರಿ, ತುಟಿಯ ಮೇಲೆ ಬೆರಳಿಟ್ಟು, ಇದು ಹೇಗಾಯಿತು ಅಂತ ಯೋಚಿಸುವವರ ಹಾಗೆ ಕೂತರು. ಯೋಚನೆ ಬರದೆ ಏನು? ದೇಶಕ್ಕಾಗಿ ಆಡಿದ 142 ಪಂದ್ಯಗಳಲ್ಲಿ ಅವರು ಹೊಡೆದದ್ದು ಆ ಎರಡೇ ಗೋಲು. ಆ ರಾತ್ರಿ ತುಟಿಯ ವಿಚಾರ ಯಾರೂ ಎತ್ತಲಿಲ್ಲ.

ನಾಲ್ಕು ದಿನಕ್ಕೆ ಕಪ್ ಬಂತು. ಕಪ್ಪು, ಬಿಳಿ, ಅರಬ್ ಎಲ್ಲರೂ ಒಂದೇ ಅನ್ನುವ ಘೋಷಣೆ ಬೀದಿ ತುಂಬಿತು. ಗೆದ್ದ ಎತ್ತಿನ ಬಾಲ ಹಿಡಿಯಲು ನೂಕುನುಗ್ಗಲು. ಆಮೇಲೆ ತಂಡ ಸೋತಿತು, ಜನ ಬದಲಾದರು ಅನ್ನೋಣವೇ? ಅದೂ ಆಗುವುದಿಲ್ಲ. ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿಗೆ ಹೋದದ್ದು 2002ರ ಏಪ್ರಿಲ್‌ನಲ್ಲಿ. ತಂಡ ವಿಶ್ವಕಪ್‌ನಿಂದ ಒಂದೂ ಗೋಲಿಲ್ಲದೆ ಮನೆಗೆ ಬಂದದ್ದು ಜೂನ್‌ನಲ್ಲಿ. ಕೋಪ ಮೊದಲು ಬಂತು, ಕಾರಣ ಆಮೇಲೆ.

2006ರಲ್ಲಿ ಲೆ ಪೆನ್ ಅವರದು ಮತ್ತೆ ಅದೇ ರಾಗ: ತಂಡದಲ್ಲಿ ಬಣ್ಣದವರು ಜಾಸ್ತಿ ಆದರಂತೆ. ತುರಾಮ್ ತಿರುಗಿ ಉತ್ತರ ಕೊಟ್ಟರು. ತಂಡ ವಿಶ್ವಕಪ್ ಫೈನಲ್‌ಗೂ ಹೋಯಿತು.

2008ರಲ್ಲಿ ಹೃದಯದ ತೊಂದರೆಯಿಂದ ಅವರು ಆಟ ಬಿಟ್ಟರು. ತುಟಿಯ ಲೆಕ್ಕ ಪಾಸ್‌ಪೋರ್ಟ್ ಲೆಕ್ಕವಾಯಿತು. ಎರಡು ದೇಶಗಳ ಪೌರತ್ವ ಸಿಗಬಹುದಾದ ಹುಡುಗರನ್ನು ತರಬೇತಿ ಕೇಂದ್ರಗಳಲ್ಲಿ ಶೇ 30ಕ್ಕೆ ನಿಲ್ಲಿಸೋಣವೇ ಅಂತ ಫುಟ್‌ಬಾಲ್ ಒಕ್ಕೂಟದ ಸಭೆಯಲ್ಲಿ ಚರ್ಚೆ ನಡೆದದ್ದು 2011ರಲ್ಲಿ ಬಯಲಾಯಿತು. ಹನ್ನೆರಡು, ಹದಿಮೂರು ವರ್ಷದ ಮಕ್ಕಳು! ಗದ್ದಲವಾಯಿತು. ತುರಾಮ್ ಸುಮ್ಮನಿರಲಿಲ್ಲ. ಕೋಟಾ ಜಾರಿಗೆ ಬರಲಿಲ್ಲ.

ಬಂದಿದ್ದರೆ ಪಾಪ, ಗುಮಾಸ್ತನ ಪಾಡು ನೋಡಬೇಕಿತ್ತು. ಗ್ವಾಡೆಲೂಪ್‌ಗೆ ಬೇರೆ ಪಾಸ್‌ಪೋರ್ಟೇ ಇಲ್ಲ. ಅಲ್ಲಿಂದ ಬಂದ ಹುಡುಗನನ್ನು ಯಾವ ಕಾಲಂನಲ್ಲಿ ಬರೆಯುತ್ತಿದ್ದನೋ.