ಈ ಊರಲ್ಲಿ ಯಾರೂ ಸಿಗಲ್ವಂತೆ!

ಇವತ್ತು ಬೆಳಿಗ್ಗೆಯಿಂದ ನನ್ನ ತಲೆ ಕಾದಿದೆ. ಬಿಸಿನೀರಿನಿಂದಲ್ಲ. ಬಿಸಿನೀರಲ್ಲಿ ನನ್ನ ಎದುರು ಕೂತಿದ್ದ ಇಬ್ಬರು ಹುಡುಗರಿಂದ.

ಸ್ವಿಟ್ಜರ್ಲೆಂಡಿನ ಬಾಡೆನ್‌ಗೆ ಬಂದು ನಮ್ಮನೆಯಲ್ಲಿ ಉಳಿದುಹೋದವರಿಗೆ ಗೊತ್ತು, ಲಿಮ್ಮಾಟ್ ಹೊಳೆಯ ದಂಡೆಯಲ್ಲಿ ಬಯಲಲ್ಲೇ ಬಿಸಿನೀರಿನ ತೊಟ್ಟಿಗಳಿವೆ. ನೆಲದಿಂದ 47 ಡಿಗ್ರಿಯಲ್ಲಿ ಉಕ್ಕುವ ಗಂಧಕದ ನೀರು. ರೋಮನ್ನರ ಕಾಲದಿಂದಲೂ ಜನ ಇಲ್ಲಿ ಬಂದು ಮುಳುಗುತ್ತಿದ್ದಾರೆ. ಪಕ್ಕದಲ್ಲೇ ವಾಸ್ತುಶಿಲ್ಪಿ ಮಾರಿಯೊ ಬೊಟ್ಟಾ ವಿನ್ಯಾಸ ಮಾಡಿದ ದೊಡ್ಡ ಸ್ನಾನದ ಮನೆ ಇದೆ, 2021ರಲ್ಲಿ ತೆರೆದದ್ದು, ಒಳಗೆ ಹೋಗಲು ದುಡ್ಡು. ತೊಟ್ಟಿ ಪುಕ್ಕಟೆ. ನಾನು ಯಾವ ಕಡೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ತೊಟ್ಟಿ ಚಿಕ್ಕದು. ಏಳೆಂಟು ಜನ ಕೂತರೆ ಮಂಡಿಗೆ ಮಂಡಿ ತಾಗುತ್ತದೆ. ಇವತ್ತು ಒಂದು ಸ್ವಿಸ್ ಅಜ್ಜ ಅಜ್ಜಿ ಇದ್ದರು. ಇಟಾಲಿಯನ್‌ನಲ್ಲಿ ಪಿಸುಗುಡುತ್ತಿದ್ದ ಇಬ್ಬರು ಗೆಳತಿಯರು. ನಾನು. ಮತ್ತೆ ಈ ಇಬ್ಬರು. ಒಬ್ಬ ಫೋನನ್ನು ನೀರಿನ ಮೇಲೆ ಎತ್ತಿ ಹಿಡಿದುಕೊಂಡು ಡೇಟಿಂಗ್ ಆ್ಯಪ್ ತಳ್ಳುತ್ತಿದ್ದ. ಎಡಕ್ಕೆ, ಎಡಕ್ಕೆ, ಎಡಕ್ಕೆ.

"ಈ ಊರಲ್ಲಿ ಒಂದು ನರಪಿಳ್ಳೆನೂ ಸಿಗಲ್ಲ ಗುರು," ಅಂದ. ಅಚ್ಚ ಕನ್ನಡ!

"ಎಲ್ಲಾ ಕೋಲ್ಡ್ ಜನ ಮಗಾ. ವರ್ಷ ಆಯ್ತು, ಒಬ್ರೂ ಮಾತಾಡ್ಸಲ್ಲ," ಅಂದ ಇನ್ನೊಬ್ಬ.

ಅಷ್ಟರಲ್ಲಿ ಒಬ್ಬಳು ಬಂದಳು. ಮೂವತ್ತರ ಆಸುಪಾಸು. ಇಳಿಯುತ್ತಾ "ಗ್ರುಯೆತ್ಸಿ ಮಿಟೆನಾಂಡ್" ಅಂದಳು, ಅಂದರೆ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ. ನಾವೆಲ್ಲ ತಿರುಗಿ ಗ್ರುಯೆತ್ಸಿ ಅಂದೆವು. ಇವರಿಬ್ಬರು ಬಾಯಿ ಬಿಡಲಿಲ್ಲ. ಒಮ್ಮೆ ಮುಖ ನೋಡಿದರು. "ತಮಿಳ್ರು, ಬಿಡು" ಅಂದ ಒಬ್ಬ. ಮತ್ತೆ ಫೋನು. ಎಡಕ್ಕೆ, ಎಡಕ್ಕೆ.

ನನಗೆ ಉರಿದದ್ದು ಅಲ್ಲಿ. ಯಾರೂ ಮಾತಾಡಿಸುವುದಿಲ್ಲ ಅಂತ ಗೋಳಾಡುವವರನ್ನು ಒಬ್ಬಳು ಬಂದು ಮಾತಾಡಿಸಿದಳಲ್ಲ? ಅದು ಲೆಕ್ಕಕ್ಕೇ ಬರಲಿಲ್ಲ.

ಈ "ಯಾರೂ ಸಿಗೋದಿಲ್ಲ" ಎಂಬ ರಾಗ ನಾನು ಇಲ್ಲಿಗೆ ಬಂದ ಏಳು ವರ್ಷದಿಂದ ಕೇಳುತ್ತಿದ್ದೇನೆ. ಯುಗಾದಿಗೆ ಒಂದು ಸಲ, ಗಣೇಶನ ಹಬ್ಬಕ್ಕೆ ಒಂದು ಸಲ, ರಾಜ್ಯೋತ್ಸವಕ್ಕೆ ಒಂದು ಸಲ. ಚಿತ್ರಾನ್ನದ ತಟ್ಟೆ ಕೈಯಲ್ಲಿ ಹಿಡಿದು ಎಲ್ಲರೂ ಹೇಳುತ್ತಾರೆ, ಸ್ವಿಸ್ ಜನ ಫ್ರಿಜ್ ಇದ್ದ ಹಾಗೆ ಅಂತ. ಹೇಳುವವರು ಸ್ವತಃ ಎಷ್ಟು ಜನರನ್ನು ಮನೆಗೆ ಕರೆದಿದ್ದಾರೆ ಅಂತ ಕೇಳಿ ನೋಡಿ. ಚಿತ್ರಾನ್ನ ಚೆನ್ನಾಗಿದೆ ಅಂತ ಮಾತು ತಿರುಗಿಸುತ್ತಾರೆ.

ಯಾವ ಊರಿನ ಬಗ್ಗೆ ಹೇಳುತ್ತಿದ್ದಾರೆ ಗೊತ್ತಾ? ಬಾಡೆನ್ ಬಗ್ಗೆ. ಪೀಣ್ಯದಲ್ಲಿ ಎಬಿಬಿ ಎಂಬ ವಿದ್ಯುತ್ ಯಂತ್ರಗಳ ಕಂಪನಿಯ ಬೋರ್ಡ್ ನೋಡಿರುತ್ತೀರಿ. ಅದರ ಒಂದು ಬೇರು ಈ ಊರಲ್ಲಿದೆ. 1891ರಲ್ಲಿ ಬ್ರೌನ್ ಮತ್ತು ಬೊವೆರಿ ಎಂಬ ಇಬ್ಬರು ಇಲ್ಲಿ ಕಂಪನಿ ಹಾಕಿದರು. ಬ್ರೌನ್‌ನ ಅಪ್ಪ ಇಂಗ್ಲೆಂಡಿನವನು. ಬೊವೆರಿ ಜರ್ಮನಿಯ ಬಾಂಬೆರ್ಗ್‌ನಿಂದ ಬಂದವನು. ಬಂಡವಾಳ ಕೊಟ್ಟದ್ದು ಬೊವೆರಿಯ ಮಾವ, ಜ್ಯೂರಿಕ್‌ನ ರೇಷ್ಮೆ ಉದ್ಯಮಿ. ಅಂದರೆ ಇಡೀ ಊರಿಗೆ ಅನ್ನ ಹಾಕಿದ ಕಾರ್ಖಾನೆಯ ಹಿಂದೆ ಇದ್ದದ್ದು ಪರದೇಶದ ಅಳಿಯ ಮತ್ತು ಇಲ್ಲಿನ ಮಾವನ ದುಡ್ಡು. (ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ, ಬಿಡಿ.) ಆಮೇಲೆ ಇಟಲಿಯವರು ಬಂದರು, ಯುಗೊಸ್ಲಾವಿಯದವರು ಬಂದರು, 1983ರ ಗಲಭೆಯ ನಂತರ ಶ್ರೀಲಂಕಾದ ತಮಿಳರು ಬಂದರು, ಕೊಸೊವೊದವರು, ಎರಿಟ್ರಿಯದವರು ಬಂದರು. ಕೊನೆಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ನಾವು ಬಂದೆವು. ಪಕ್ಕದ ಟುರ್ಗಿಯನ್ನು 2024ರಲ್ಲಿ ಸೇರಿಸಿಕೊಂಡ ಮೇಲೂ ನಮ್ಮ ಸಾಗರ ಪೇಟೆಗಿಂತ ಚಿಕ್ಕದಾದ ಊರು ಇದು. ಇದರಲ್ಲಿ ಇಷ್ಟೆಲ್ಲ ಜನ. ಇಲ್ಲಿ ಯಾರೂ ಸಿಗುವುದಿಲ್ಲವಂತೆ!

ಸಿಗುವುದಿಲ್ಲ ಅಂತಲ್ಲ ಸ್ವಾಮಿ. ನಿಮ್ಮ ಪಟ್ಟಿಯಲ್ಲಿ ಇಲ್ಲ.

ಪಟ್ಟಿ ಹೇಗಿದೆ ಅಂತ ನನಗೆ ಬಾಯಿಪಾಠ. ಮೊದಲು ಸ್ವಿಸ್, ಅದೂ ನೀಲಿ ಕಣ್ಣಿದ್ದರೆ ಉತ್ತಮ. ಆಮೇಲೆ ಜರ್ಮನ್. ಇಟಾಲಿಯನ್ ಆದರೆ "ಅವ್ರೂ ನಮ್ಮ ಥರಾನೇ ಫ್ಯಾಮಿಲಿ ಜನ" ಅಂತ ಪಾಸ್ ಮಾರ್ಕು. ಪೋರ್ಚುಗೀಸ್ ಅಂದರೆ ಸ್ವಲ್ಪ ಯೋಚನೆ. ಕೊಸೊವೊ ಅಂದರೆ "ಅಯ್ಯೋ". ತಮಿಳು ಅಂದರೆ "ಬಿಡು". ಎರಿಟ್ರಿಯದವರ ಹೆಸರು ಎತ್ತಿದರೆ ಮಾತೇ ಇಲ್ಲ. ಇದನ್ನೆಲ್ಲೋ ನೋಡಿದ್ದೇವೆ ಅನ್ನಿಸುತ್ತಿಲ್ಲವಾ? ವೀಸಾ ಇಲ್ಲದೆ ವಿಮಾನ ಹತ್ತಿ ಬಂದದ್ದು ಅದೊಂದೇ. ಊರಲ್ಲಿ ಗೋತ್ರ ಕೇಳುತ್ತಿದ್ದರು, ಇಲ್ಲಿ ಪಾಸ್‌ಪೋರ್ಟು ಕೇಳುತ್ತಾರೆ.

ಈಗ ಯಾರಾದರೂ ಕಾಮೆಂಟಲ್ಲಿ ಬಂದೇ ಬರುತ್ತೀರಿ, "ಆದ್ರೂ ಸ್ವಿಸ್ ಜನ ಬೇಗ ಹತ್ತಿರ ಬರಲ್ಲ ಅಲ್ವಾ?" ಅಂತ. ಹೌದಪ್ಪಾ, ಬರುವುದಿಲ್ಲ. ಒಂದು ಕಾಫಿ ಕುಡಿಯಲು ಮೂರು ವಾರ ಮುಂಚೆ ದಿನ ಗೊತ್ತುಮಾಡುವ ಜನ. ನಾಲ್ಕು ಜನ ಸೇರಬೇಕಾದರೆ ದಿನ ಆರಿಸಲು ಡೂಡಲ್ ಎಂಬ ವೆಬ್‌ಸೈಟಲ್ಲಿ ಮತದಾನ. ಮೊದಲ ಭೇಟಿಯ ಕೊನೆಗೆ ವೇಟರ್ ಬಂದು "ಒಟ್ಟಿಗೋ ಬೇರೆ ಬೇರೆಯೋ" ಅಂತ ಕೇಳುತ್ತಾನೆ, ಎದುರಿಗಿದ್ದವನು ಲವಲೇಶ ಸಂಕೋಚ ಇಲ್ಲದೆ "ಬೇರೆ ಬೇರೆ" ಅನ್ನುತ್ತಾನೆ. ಮೊದಲ ಸಲ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತ್ತು. ಅವನು ಮನೆಗೆ ಹೋಗಿ, ನಿನ್ನನ್ನು ನೋಡಿ ಖುಷಿಯಾಯಿತು ಅಂತ ಮೆಸೇಜ್ ಮಾಡಿದ. ಬಿಲ್ಲಿಗೂ ಮನಸ್ಸಿಗೂ ಇವರು ಗಂಟು ಹಾಕುವುದಿಲ್ಲ, ಅಷ್ಟೇ. ಭಾಷೆ ಕಷ್ಟ ಅನ್ನುತ್ತೀರಾ? ಕಸದ ಚೀಲ ತಪ್ಪು ದಿನ ಇಟ್ಟಿದ್ದಕ್ಕೆ ಪಕ್ಕದ ಮನೆಯವರ ಜೊತೆ ಜಗಳ ಆಡುವಷ್ಟು ಜರ್ಮನ್ ಎಲ್ಲರಿಗೂ ಬರುತ್ತದೆ. ನಮಸ್ಕಾರ ಹೇಳಲು ಮಾತ್ರ ಬರುವುದಿಲ್ಲ.

ನನ್ನ ಕೆಳಗಿನ ಮನೆಯ ಅಜ್ಜಿಯ ಕಥೆ ಹೇಳಬೇಕು. ಎರಡು ವರ್ಷ ನಾನು ಅವರನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ನನ್ನ ಸರದಿ ಮಂಗಳವಾರ, ಅವರದ್ದು ಬುಧವಾರ. ಮೆಷಿನ್ನಿನ ಜಾಳಿಗೆಯಲ್ಲಿ ನನ್ನ ಕೂದಲು ಉಳಿದಿದ್ದಕ್ಕೆ ಚೀಟಿ ಅಂಟಿಸಿದ ಮಹಾತಾಯಿ. ನಾನೂ ಇದೇ ಹುಡುಗರ ಥರ ಊರಿಗೆ ಫೋನ್ ಮಾಡಿ, ಇಲ್ಲಿನ ಜನಕ್ಕೆ ಹೃದಯವೇ ಇಲ್ಲ ಅಂತ ಅತ್ತಿದ್ದೆ. ಒಂದು ದಿನ ಬೇಜಾರಿಗೆ ಜಾಸ್ತಿಯಾದ ಕೋಡುಬಳೆ ಒಯ್ದು ಕೊಟ್ಟೆ. ಮರುವಾರ ಒಂದು ಲೋಟ ವೈನ್ ಹಿಡಿದು ಬಾಗಿಲಿಗೆ ಬಂದು, "ಇನ್ನುಮೇಲೆ ನನ್ನನ್ನು ನೀನು ಅನ್ನು" ಅಂದರು. ಇಲ್ಲಿ ನೀವು ಹೋಗಿ ನೀನು ಆಗಲು ಒಂದು ಚಿಕ್ಕ ಸಮಾರಂಭವೇ ಆಗಬೇಕು, ಅದನ್ನು ಶುರು ಮಾಡಬೇಕಾದ್ದೂ ಹಿರಿಯರೇ. ನನ್ನ ಬಾಯಲ್ಲಿ ಎಪ್ಪತ್ತೈದು ವರ್ಷದವರಿಗೆ ನೀನು ಅಂತ ಬರಲು ಆರು ತಿಂಗಳು ಬೇಕಾಯಿತು.

ಆ ಅಜ್ಜಿಯೇ ಹೇಳಿದ್ದು, ಅವರ ಸೋದರತ್ತೆಯ ಕಥೆ. ಇಟಲಿಯ ಗಾರೆ ಕೆಲಸದವನನ್ನು ಮೆಚ್ಚಿ ಮದುವೆಯಾದರಂತೆ. ಸಹಿ ಹಾಕಿದ ಕ್ಷಣಕ್ಕೆ ಆ ಹೆಂಗಸಿನ ಸ್ವಿಸ್ ಪೌರತ್ವ ಹೋಯಿತು. ಪರದೇಶದವನನ್ನು ಕಟ್ಟಿಕೊಂಡವಳು ಪರದೇಶದವಳೇ ಎಂಬುದು ಆಗಿನ ಕಾನೂನು. 1952ರಲ್ಲಿ ಹೊಸ ಕಾನೂನು ಮಾಡಿದ ಮೇಲೆಯೇ ಹಾಗೆ ಮದುವೆಯಾಗುವ ಹೆಂಗಸರಿಗೆ ತಮ್ಮ ಪೌರತ್ವ ಉಳಿಸಿಕೊಳ್ಳುವ ದಾರಿ ಆದದ್ದು. ಸ್ವಿಸ್ ಗಂಡಸು ಎಲ್ಲಿಂದ ಹೆಣ್ಣು ತಂದರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ, ಅದನ್ನು ಬೇರೆ ಹೇಳಬೇಕಾ? ಹುಟ್ಟಿದ ಊರಲ್ಲೇ ಪರವಾನಗಿ ಕೇಳಿಕೊಂಡು ಬದುಕಿದವರ ಬಗ್ಗೆ ಹೇಳುವಾಗ ಅಜ್ಜಿಯ ಗಂಟಲು ಕಟ್ಟಿತ್ತು. ಇವರನ್ನೇ ನಾನು ಫ್ರಿಜ್ ಅಂದಿದ್ದೆ.

ಹಾಗಾಗಿ ಪಟ್ಟಿ ಇವರಲ್ಲೂ ಇತ್ತು, ಇದೆ. 1970ರಲ್ಲಿ ಪರದೇಶದವರ ಸಂಖ್ಯೆಗೆ ಕತ್ತರಿ ಹಾಕಬೇಕಾ ಬೇಡವಾ ಅಂತ ಇಡೀ ದೇಶ ಮತ ಹಾಕಿತು. ಅದರ ಗುರಿ ಮುಖ್ಯವಾಗಿ ಇಟಲಿಯವರೇ. ನೂರಕ್ಕೆ 54 ಮತ ಬೇಡ ಅಂದಿದ್ದರಿಂದ ಅವರು ಉಳಿದರು. (ಮತ ಹಾಕಿದವರೆಲ್ಲ ಗಂಡಸರು. ಇಡೀ ದೇಶದ ಚುನಾವಣೆಯಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದೇ 1971ರಲ್ಲಿ.) ಇವತ್ತು ಅದೇ ಇಟಲಿಯವರ ಮೊಮ್ಮಗ ಅಂದರೆ ನಮ್ಮವರ ಪಟ್ಟಿಯಲ್ಲಿ ಪಾಸ್ ಮಾರ್ಕು. ಅಂದಿನ ಅಯ್ಯೋ ಇಂದಿನ ವಾಹ್.

ಇಲ್ಲಿಯವರೆಗೆ ಓದಿದವರಿಗೆ ನಾನು ಬಲು ಶುದ್ಧ ಅನ್ನಿಸಿರಬಹುದು. ಅದನ್ನೂ ಬಿಡಿಸಿಬಿಡುತ್ತೇನೆ.

ನನ್ನ ಮೊದಲ ಮದುವೆಯ ಕಥೆ ನಿಮಗೆಲ್ಲ ಗೊತ್ತು, ಅದನ್ನು ಇಲ್ಲಿ ತೆಗೆಯುವುದಿಲ್ಲ. ಆದರೆ 2023ರ ಆಗಸ್ಟ್ ಬಗ್ಗೆ ಹೆಚ್ಚು ಜನಕ್ಕೆ ಹೇಳಿಲ್ಲ. ಆ ವರ್ಷ ಬಾಡೆನ್‌ಫಾರ್ಟ್ ಜಾತ್ರೆ ಇತ್ತು. ಹತ್ತು ದಿನ ಊರು ಮಲಗುವುದಿಲ್ಲ, ಒಂದೊಂದು ಸಂಘದವರೂ ಒಂದೊಂದು ಹೋಟೆಲು ಕಟ್ಟುತ್ತಾರೆ. ಅಜ್ಜಿಯ ಸಂಘದ ಹೋಟೆಲಲ್ಲಿ ನಾನು ತಟ್ಟೆ ತೊಳೆಯಲು ನಿಂತೆ. ಪಕ್ಕದಲ್ಲಿ ಒರೆಸಲು ನಿಂತವನು ಒಬ್ಬ ಎಲೆಕ್ಟ್ರಿಷಿಯನ್. ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಅಮ್ಮ ಕೊಸೊವೊದವರು. ಮೂರು ದಿನ ತಟ್ಟೆ, ನಾಲ್ಕನೇ ದಿನ ಕಾಫಿ, ಬಿಲ್ಲು ಅವನೇ ಕೊಟ್ಟ. ಬೇರೆ ಬೇರೆ ಅಂದರೆ ಅವನ ಅಮ್ಮ ಬೈಯುತ್ತಾರಂತೆ.

ಒಂದು ಭಾನುವಾರ ಅವನು ನನ್ನನ್ನು ಎಂಡಿಂಗೆನ್‌ಗೆ ಕರೆದುಕೊಂಡು ಹೋದ. ಇಲ್ಲಿಂದ ಸ್ವಲ್ಪ ದೂರದ ಹಳ್ಳಿ. 1776ರಿಂದ ಸುಮಾರು ನೂರು ವರ್ಷ ಯಹೂದಿಗಳು ಈ ಕಡೆ ಎಂಡಿಂಗೆನ್ ಮತ್ತು ಲೆಂಗ್ನೌ ಎಂಬ ಎರಡೇ ಹಳ್ಳಿಗಳಲ್ಲಿ ಮನೆ ಮಾಡಿಕೊಂಡು ಇರಬಹುದಿತ್ತು. ಅಲ್ಲಿ ಈಗಲೂ ಎರಡು ಬಾಗಿಲಿನ ಮನೆಗಳಿವೆ. ಅಕ್ಕಪಕ್ಕ ಒಂದೇ ಥರದ ಎರಡು ಬಾಗಿಲು, ಒಂದು ಕ್ರೈಸ್ತರಿಗೆ, ಒಂದು ಯಹೂದಿಗಳಿಗೆ. ಸೂರು ಒಂದೇ. "ನಿಮ್ಮ ಊರಲ್ಲೂ ಹೀಗೆ ಇದೆಯಾ?" ಅಂತ ಕೇಳಿದ. ಇಲ್ಲವೇ ಇಲ್ಲ ಅಂದೆ. ಬಸ್ಸಲ್ಲಿ ಕೂತ ಮೇಲೆ ಸಾಗರದ ನಮ್ಮ ಅಜ್ಜನ ಮನೆ ನೆನಪಾಯಿತು. ಹಿತ್ತಿಲ ಬಾಗಿಲು. ತೋಟದ ಕೆಲಸದವರು ಬರುತ್ತಿದ್ದ ಬಾಗಿಲು. ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಅವರ ಲೋಟ. ಅವನಿಗೆ ಹೇಳಲಿಲ್ಲ.

ಆ ದೀಪಾವಳಿಗೆ ನಮ್ಮ ಕನ್ನಡದವರ ಕೂಟಕ್ಕೆ ಅವನನ್ನು ಕರೆದುಕೊಂಡು ಹೋದೆ. ಬಾಗಿಲಲ್ಲೇ ಒಬ್ಬರು ಅಕ್ಕ, "ಎಲ್ಲಿಯವರೇ ಇವ್ರು?" ಅಂದರು. "ಇಲ್ಲಿಯವನೇ" ಅಂದೆ. ಸುಳ್ಳಲ್ಲ. ಆದರೆ ಯಾಕೆ ಹಾಗೆ ಹೇಳಿದೆ ಅಂತ ನನಗೆ ಗೊತ್ತಿತ್ತು. ಹೆಸರು ಕೇಳಿದರು. ಅವನ ಹೆಸರಿನ ತಲೆ ಕತ್ತರಿಸಿ ಬಾಲ ಮಾತ್ರ ಹೇಳಿದೆ. ಆ ಬಾಲ ಒಳ್ಳೆಯ ಸ್ವಿಸ್ ಹೆಸರಿನ ಹಾಗೆ ಕೇಳಿಸುತ್ತಿತ್ತು. ಅಕ್ಕನ ಮುಖ ಅರಳಿತು. ಎರಡು ಹೋಳಿಗೆ ಜಾಸ್ತಿ ಹಾಕಿದರು.

ಅವನಿಗೆ ಕನ್ನಡ ಬರುವುದಿಲ್ಲ, ಆದರೆ ತನ್ನ ಹೆಸರು ಬರುತ್ತದೆ ಅಲ್ವಾ? ಸ್ಟೇಷನ್ನಿಗೆ ನಡೆದುಕೊಂಡು ಬರುವಾಗ ಮೆಲ್ಲಗೆ ಹೇಳಿದ, "ಮೂರನೇ ಕ್ಲಾಸಲ್ಲಿ ಟೀಚರ್ ಇದೇ ಮಾಡಿದ್ದರು." ಅಷ್ಟೇ. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಆಮೇಲೆ ಮೆಸೇಜು ಕಡಿಮೆಯಾಯಿತು, ಕ್ರಿಸ್‌ಮಸ್ ಹೊತ್ತಿಗೆ ನಿಂತಿತು. ಅಮ್ಮನಿಗೆ ಇದುವರೆಗೂ ಗೊತ್ತಿಲ್ಲ. ಅಮ್ಮ, ನೀನು ಇದನ್ನು ಓದುತ್ತಿದ್ದರೆ ಫೋನ್ ಮಾಡಬೇಡ, ನಾನೇ ಮಾಡುತ್ತೇನೆ.

ಆದ್ದರಿಂದ ತೊಟ್ಟಿಯ ಹುಡುಗರ ಮೇಲೆ ನನಗೆ ಬಂದ ಸಿಟ್ಟು ಪೂರ್ತಿ ಅವರ ಮೇಲಿನದ್ದೇ ಅಂತ ಎದೆ ಮುಟ್ಟಿ ಹೇಳಲಾರೆ. ಆದರೂ ಸಿಟ್ಟು ಸಿಟ್ಟೇ. ಎದ್ದು ನಿಂತು, "ಸ್ವಲ್ಪ ಕಾಲು ಮಡಚ್ಕೊಳ್ಳಿ, ದಾಟ್ಬೇಕು" ಅಂದೆ, ಕನ್ನಡದಲ್ಲಿ.

ಫೋನು ಹಿಡಿದವನ ಕೈಯಿಂದ ಫೋನು ಜಾರುವುದೊಂದು ಬಾಕಿ.

"ಅಕ್ಕಾ... ಕನ್ನಡದವ್ರಾ? ಮೊದ್ಲೇ ಹೇಳ್ಬಾರ್ದಾ!"

"ನೀವು ಕೇಳ್ಲಿಲ್ಲ."

"ಯಾವೂರಕ್ಕ ನಿಮ್ದು?"

"ಸಾಗರ."

"ಓ, ಸಾಗರನಾ? ಹಾಗಾದ್ರೆ ನೀವು..." ಅಂತ ಎಳೆದ. ನೋಡಿ! ಸೊಂಟದವರೆಗೆ ಸ್ವಿಸ್ ನೀರಲ್ಲಿ ಕೂತಿದ್ದಾನೆ, ಅಡ್ಡಹೆಸರು ಬೇಕಂತೆ.

ನಾನು ಬಾಯಿ ತೆಗೆಯುವ ಮೊದಲು ಆ ತಮಿಳು ಹುಡುಗಿ ನಕ್ಕಳು. ನನ್ನ ಕಡೆ ತಿರುಗಿ, ಇಲ್ಲಿಯದೇ ಅಪ್ಪಟ ಆಡುಭಾಷೆಯಲ್ಲಿ, ನಿಮ್ಮ ಭಾಷೆ ಮುಕ್ಕಾಲು ಪಾಲು ಅರ್ಥ ಆಯಿತು, ನಮ್ಮ ಮನೆಯ ಮಾತಿಗೆ ತುಂಬಾ ಹತ್ತಿರ ಇದೆ ಅಂದಳು. "ಬಿಡು ಎನ್ನುವುದಂತೂ ಚೆನ್ನಾಗಿ ಅರ್ಥ ಆಯಿತು," ಅಂತ ಸೇರಿಸಿದಳು.

ಹುಡುಗರು ನನ್ನ ಮುಖ ನೋಡಿದರು. "ಏನಂದ್ರು ಅಕ್ಕ?"

ನಾನು ಟವೆಲ್ ಸುತ್ತಿಕೊಂಡೆ. "ಅವರನ್ನೇ ಕೇಳಿ. ಮಂಡಿ ತಾಗೋ ದೂರದಲ್ಲಿ ಕೂತಿದ್ದಾರೆ," ಅಂದೆ.

ಕೇಳಿದರೋ ಇಲ್ಲವೋ ನೋಡಲು ನಿಲ್ಲಲಿಲ್ಲ. ಹೊರಗೆ ಬಂದರೆ ವಿಪರೀತ ಚಳಿ.