ದಡಕ್ಕೆ ಕಾಣುವ ನಿಷೇಧ, ದಡಕ್ಕೆ ಕಾಣದ ನಿಷೇಧ

ಜೂನ್ 1 ಬಂತೆಂದರೆ ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ. ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟು ದಾಟಿಕೊಂಡು ಹೋಗಬಹುದು, ಅಷ್ಟು ಒತ್ತೊತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಇದು, ನಮ್ಮ ಬಾಯಲ್ಲಿ ರಜೆ. ಜುಲೈ 31ರವರೆಗೆ, 61 ದಿನ ಹೀಗೇ. ನನ್ನ ಮಾವನಿಗೆ ಒಂದು ಟ್ರಾಲ್ ಬೋಟಿನಲ್ಲಿ, ಅಂದರೆ ಚೀಲದಂಥ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಬೋಟಿನಲ್ಲಿ, ಪಾಲಿದೆ. ಈ ಎರಡು ತಿಂಗಳು ಅವರ ಮನೆಯಲ್ಲಿ ಕೈ ಬಿಗಿ. ಆದರೂ ಈ ರಜೆಯನ್ನು ಅವರು ಬೈದಿದ್ದು ನಾನು ಕೇಳಿಲ್ಲ. "ಎಲ್ಲರೂ ನಿಂತ್ರೆ ನಾವೂ ನಿಲ್ಲುದ್, ಅದ್ರಗೆ ಎಂತ ಇತ್ತ್?" ಅನ್ನುತ್ತಾರೆ.

ಅವರ ಬೈಗುಳವೆಲ್ಲ ಲೈಟ್ ಫಿಶಿಂಗಿಗೆ ಮೀಸಲು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕತ್ತಲ ರಾತ್ರಿ ಬೋಟಿನಲ್ಲಿ ಜನರೇಟರ್ ಹಾಕಿ, ಕಣ್ಣು ಕುಕ್ಕುವ ಎಲ್‌ಇಡಿ ದೀಪ ಉರಿಸುತ್ತಾರೆ. ಬೆಳಕಿಗೆ ಮೀನು ತಾನಾಗಿ ಬಂದು ಸೇರುತ್ತದೆ. ಸುತ್ತ ಬಲೆ ಹಾಕಿ ಎಳೆದರೆ ಮುಗೀತು. ಮರಿ, ದೊಡ್ಡದು ಅಂತ ಭೇದವಿಲ್ಲ. 2017ರ ನವೆಂಬರಿನಲ್ಲೇ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿತು. ನಮ್ಮ ರಾಜ್ಯದ ನಿಷೇಧವೂ ಇದೆ.

ಹೋದ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ನಾನೂ ದಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಕಟ್ಟೆಯಲ್ಲಿ, ಇದ್ದೆ. ಲೈಟ್ ಹಾಕಿ ಹಿಡಿದು ಬಂದ ಒಂದು ಬೋಟಿನಿಂದ ಬುಟ್ಟಿ ಮೇಲೆ ಬುಟ್ಟಿ ಇಳಿಯುತ್ತಿತ್ತು. ಬೆರಳುದ್ದದ ಬಂಗುಡೆ ಮರಿಗಳು. ಸಾರಿಗೂ ಆಗದ್ದು, ಸೀದಾ ಮೀನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ. ಅದೇ ಬೋಟಿನಲ್ಲಿ ದೊಡ್ಡ ಬಂಗುಡೆಯೂ ರಾಶಿ ಇತ್ತು. ಮಾವನ ಬೋಟು ಬಂದಾಗ ಹರಾಜಿನ ರೇಟು ಬಿದ್ದೇ ಹೋಗಿತ್ತು. ಕಡಲಲ್ಲೂ ಮೀನು ಕಮ್ಮಿ, ದಡದಲ್ಲೂ ರೇಟು ಕಮ್ಮಿ. ಕಾನೂನು ಪಾಲಿಸಿದವನಿಗೆ ಎರಡೆರಡು ಪೆಟ್ಟು. ಆ ದಿನ ಡೀಸೆಲ್ ದುಡ್ಡೂ ಹುಟ್ಟಲಿಲ್ಲ.

ನನಗೆ ಅನ್ನಿಸುವುದು ಇಷ್ಟೇ. ಮಳೆಗಾಲದ ರಜೆ ಯಾಕೆ ನಡೆಯುತ್ತದೆ? ದಡದಲ್ಲಿ ನಿಂತು ಬೋಟು ಎಣಿಸಬಹುದು, ಅದಕ್ಕೆ. ಕಳ್ಳತನದಲ್ಲಿ ಹೋದರೆ ಕೇರಿಗೆಲ್ಲ ಗೊತ್ತಾಗುತ್ತದೆ. ಲೈಟ್ ಉರಿಯುವುದು ರಾತ್ರಿ, ಆಳಸಮುದ್ರದಲ್ಲಿ. 12 ನಾಟಿಕಲ್ ಮೈಲಿಯವರೆಗೆ ರಾಜ್ಯದ್ದು, ಆಚೆ ಕೇಂದ್ರದ್ದು. ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬಲೆಯ ಕಥೆಯೂ ಹಾಗೇ. ಟ್ರಾಲ್ ಬಲೆಯ ತುದಿಯ ಚೀಲಕ್ಕೆ 35 ಮಿಲಿಮೀಟರ್ ಕಣ್ಣಿರಬೇಕು. ನೀರಿನೊಳಗೆ ಯಾರು ಅಳೆಯುತ್ತಾರೆ? ಹಾಗಂತ ದಡದಲ್ಲಿ ಅಳೆಯಬಾರದು ಅಂತೇನಿಲ್ಲ. ಬಲೆ ದಕ್ಕೆಯ ಮೇಲೇ ಬಿದ್ದಿರುತ್ತದೆ. ಜನರೇಟರನ್ನೂ ಜೇಬಲ್ಲಿ ಇಟ್ಟುಕೊಂಡು ಹೋಗಲು ಆಗುವುದಿಲ್ಲ, ಅಲ್ವಾ? ತೆರಿಗೆ ಇಲ್ಲದ ಡೀಸೆಲ್ ಕೊಡುವುದು ಸರ್ಕಾರವೇ. ಡೀಸೆಲ್ ತುಂಬಿಸುವಾಗ ಒಮ್ಮೆ ಬೋಟು ಹತ್ತಿ ನೋಡಲಿ.

ರಜೆಯಲ್ಲೂ ತಕರಾರು ಇಲ್ಲದಿಲ್ಲ. ಕೇರಳದವರಿಗೆ 52 ದಿನ, ನಮಗೆ 61. ಮೀನಿಗೆ ತಲಪಾಡಿ ಗಡಿ ಗೊತ್ತಾ? ನಮ್ಮಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗೆ ಮಳೆಗಾಲದಲ್ಲೂ ಅವಕಾಶವಿದೆ ಅಂತ ಕೆಲವು ಬೋಟಿನವರು ಗೊಣಗುತ್ತಾರೆ. ಆ ಗೊಣಗಾಟ ನನಗೆ ಸರಿ ಕಾಣುವುದಿಲ್ಲ. ಆ ಅಲೆಯಲ್ಲಿ ದೋಣಿ ಇಳಿಸಿ ನೋಡಲಿ ಒಮ್ಮೆ!

ಇನ್ನೊಂದು ಮಾತು, ನಮ್ಮವರಿಗೇ ಕಹಿಯಾಗಬಹುದು. ನನ್ನ ಅಜ್ಜ ರಂಪಣಿ, ಅಂದರೆ ದಡದಲ್ಲಿ ನಿಂತು ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆ, ಎಳೆದವರು. 1970ರ ದಶಕದ ನಡುವೆ ಪರ್ಸೀನ್, ಅಂದರೆ ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಬಲೆ, ಬಂತು, ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಆಗ ಅಜ್ಜ ಬೈದದ್ದನ್ನೇ ಈಗ ಮಾವ ಬೈಯುತ್ತಿದ್ದಾರೆ, ಬೋಟು ಮಾತ್ರ ಬೇರೆ.

ಈ ಸಲ ಅವರ ಪಾಲುದಾರರು ಜನರೇಟರ್ ರೇಟು ವಿಚಾರಿಸಿಕೊಂಡು ಬಂದಿದ್ದಾರಂತೆ. ಮಾವ ಇನ್ನೂ ಹೂಂ ಅಂದಿಲ್ಲ. ಬೇಡ ಅಂತಲೂ ಅಂದಿಲ್ಲ.