ಓಣಿಗೊಂದು ಡಿವಿಡಿ ರೈಟರ್

ಹೊಸ ಲ್ಯಾಪ್‌ಟಾಪುಗಳಿಗೆ ಬಾಯಿ ಇಲ್ಲ. ಮೊದಲು ಪಕ್ಕದಲ್ಲೊಂದು ಗುಂಡಿ ಇರುತ್ತಿತ್ತು. ಒತ್ತಿದರೆ ಟ್ರೇ ಹೊರಗೆ ಬರುತ್ತಿತ್ತು, ಡಿಸ್ಕ್ ಇಟ್ಟು ತಳ್ಳಿದರೆ ಗಿರ್ರೆಂದು ತಿರುಗುವ ಸದ್ದು ಕೇಳುತ್ತಿತ್ತು. ಈಗ ಆ ಜಾಗದಲ್ಲಿ ನುಣ್ಣನೆಯ ತಗಡು. ಅಂಗಡಿಯವರು ಎರಡೇ ಬೆರಳಲ್ಲಿ ಎತ್ತಿ, "ನೋಡ್ರಿ ಸರ್, ಎಷ್ಟು ತೆಳ್ಳಗದ" ಎನ್ನುತ್ತಾರೆ. ತೆಳ್ಳಗಾಗದೆ ಏನು? ಸಿಡಿ ಹಾಕುವ ಬಾಯಿ ತೆಗೆದರು, ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ತೆಗೆದರು, ಬ್ಯಾಟರಿ ಕಳಚುವ ಕೊಂಡಿ ತೆಗೆದರು. ತೆಗೆದದ್ದನ್ನೆಲ್ಲ ನಾವು ಬೇರೆ ಬೇರೆ ಡಬ್ಬಿಗಳಾಗಿ, ವೈರುಗಳಾಗಿ ಮತ್ತೆ ದುಡ್ಡು ಕೊಟ್ಟು ತರಬೇಕು.

ಹಾಗೆ ತಂದ ಡಬ್ಬಿಯೊಂದು ನಮ್ಮ ಮನೆಯಲ್ಲಿದೆ, ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ರೈಟರ್. ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಅದನ್ನು ಕೇಳಿದಾಗ ಅಂಗಡಿಯ ಹುಡುಗ ಕನಿಕರದಿಂದ, "ಈಗ ಅದು ಯಾಕ ಬೇಕ್ರಿ ಕಾಕಾ? ಪೆನ್ ಡ್ರೈವ್ ತಗೋರಿ" ಅಂದ. ಬೇಕೇ ಬೇಕು ಅಂದ ಮೇಲೆ ಏಣಿ ಹತ್ತಿ, ಮೇಲಿನ ಹಲಗೆಯಿಂದ ಧೂಳು ಹೊಡೆದು ಕೊಟ್ಟ. ಆ ಸುದ್ದಿ ಓಣಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಈಗ ಯಾರ ಅಲ್ಮಾರಿಯಿಂದ ಡಿಸ್ಕ್ ಹೊರಬಿದ್ದರೂ ಅದು ಬರುವುದು ನಮ್ಮ ಮನೆಗೇ. ಜವಳ, ಕುಪ್ಪಸ, ಶಾಲೆಯ ಗ್ಯಾದರಿಂಗು, ಶರಣಬಸವೇಶ್ವರ ಜಾತ್ರೆಯ ರಥೋತ್ಸವ, ಯಾವುದೋ ಹುಡುಗನ ಎಂಜಿನಿಯರಿಂಗ್ ಪ್ರಾಜೆಕ್ಟು. "ಸರ್, ಜರಾ ನೋಡ್ರಿ, ಇದು ನಡೀತದೇನು?" ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮನೆಯಾಕೆ ಒಳಗಿನಿಂದ, "ಫೀಸ್ ಇಡ್ರಿ, ಇಲ್ಲಾ ಬೋರ್ಡ್ ಹಾಕ್ರಿ" ಎನ್ನುತ್ತಾಳೆ.

ಸಿಡಿ ಬರ್ನ್ ಮಾಡುವುದೇ, ಅಂದರೆ ಖಾಲಿ ಡಿಸ್ಕಿನಲ್ಲಿ ಮಾಹಿತಿ ಬರೆಯುವುದೇ, ಒಂದು ವಿದ್ಯೆಯಾಗಿದ್ದ ಕಾಲವಿತ್ತು. ಒಂದು ಸಿಡಿಗೆ 700 ಎಂಬಿ, ಹಾಡಾದರೆ 80 ನಿಮಿಷ. ವೇಗದ ಲೆಕ್ಕ ಸೆಕೆಂಡಿಗೆ 150 ಕೆಬಿಯಿಂದ ಶುರು; ಅದು ಒಂದು ಎಕ್ಸ್. ಡಬ್ಬಿಯ ಮೇಲೆ 52 ಎಕ್ಸ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ, ಕೈ ಪಳಗಿದ ಅಂಗಡಿಯವರು ಎಂಟು ಅಥವಾ ಹದಿನಾರಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. "ಗಡಿಬಿಡಿ ಮಾಡಿದ್ರ ಖರಾಬ್ ಆಗ್ತದ್ರಿ." ಡಿಸ್ಕಿನೊಳಗೆ ಬಣ್ಣದ ತೆಳುವಾದ ಒಂದು ಪದರವಿರುತ್ತದೆ. 780 ನ್ಯಾನೋಮೀಟರಿನ ಲೇಸರ್ ಅದನ್ನು ಚುಕ್ಕಿ ಚುಕ್ಕಿಯಾಗಿ ಸುಡುತ್ತಾ ಹೋಗುತ್ತದೆ. ಸುಟ್ಟ ಕಡೆ ಬೆಳಕು ಕಡಿಮೆ ಮರಳುತ್ತದೆ, ಸುಡದ ಕಡೆ ಹೆಚ್ಚು. ಅದೇ ಬರವಣಿಗೆ. ತೊಂದರೆಯೆಂದರೆ, ಒಮ್ಮೆ ಶುರುವಾದ ಲೇಸರಿಗೆ ನಡುವೆ ನಿಲ್ಲಲು ಬರುತ್ತಿರಲಿಲ್ಲ. ಹಾರ್ಡ್ ಡಿಸ್ಕಿನಿಂದ ಮಾಹಿತಿ ಬರುವುದು ಅರೆಕ್ಷಣ ತಡವಾದರೂ ಸಿಡಿ ಕೆಟ್ಟಿತು. 2000ದಲ್ಲಿ ಸಾನ್ಯೊ ಕಂಪನಿ ಇದಕ್ಕೊಂದು ಉಪಾಯ ತಂದಿತು: ಮಾಹಿತಿ ತಡವಾದರೆ ಲೇಸರ್ ನಿಂತು, ಬಿಟ್ಟ ಜಾಗದಿಂದಲೇ ಮುಂದುವರಿಯುವುದು. ಆ ಸೌಲಭ್ಯ ಎಲ್ಲ ರೈಟರುಗಳಿಗೂ ಬರುವಷ್ಟರಲ್ಲಿ ನಮ್ಮ ಕಡೆ ಮಡಿ ಆಚಾರವೇ ಬೆಳೆದುಬಿಟ್ಟಿತ್ತು. ಸಿಡಿ ಬರ್ನ್ ಆಗುವಾಗ ಮೌಸ್ ಮುಟ್ಟಬಾರದು. ಹಾಡು ಹಚ್ಚಬಾರದು. ಮಕ್ಕಳು ಟೇಬಲ್ಲಿನ ಹತ್ತಿರ ಓಡಾಡಬಾರದು. ಎಲ್ಲರೂ ಉಸಿರು ಹಿಡಿದು ಕುಳಿತು, ತೊಂಬತ್ತೆಂಟು ಪರ್ಸೆಂಟಿಗೆ ಬರುತ್ತಲೇ ಕರೆಂಟ್ ಹೋಗುವುದು. ಕರೆಂಟಿಗೆ ಉಪಾಯ ಹುಡುಕುವುದು ಸಾನ್ಯೊದವರ ಕೆಲಸವಲ್ಲ, ಬಿಡಿ.

ಕೆಟ್ಟ ಸಿಡಿಗಳನ್ನು ಬಿಸಾಡಿದವರನ್ನು ನಾನು ಕಂಡಿಲ್ಲ. ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಅವು ದಾರ ಕಟ್ಟಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದವು. ಗಾಳಿಗೆ ತಿರುಗಿ ಥಳಥಳ ಹೊಳೆದರೆ ಗಿಳಿ, ಗುಬ್ಬಿಗಳು ಒಂದೆರಡು ದಿನವಾದರೂ ದೂರ ಇರುತ್ತಿದ್ದವು. ಆಟೋಗಳ ಹಿಂದೆ, ಹುಡುಗರ ಸೈಕಲ್ಲಿನ ಚಕ್ರದಲ್ಲಿ, ಗಣಪತಿ ಮಂಟಪದಲ್ಲಿ ಅವೇ. ಚೆನ್ನಾಗಿ ಬರ್ನ್ ಆದ ಸಿಡಿಗೆ ಇಷ್ಟೆಲ್ಲ ಲೋಕ ನೋಡುವ ಭಾಗ್ಯ ಇರಲಿಲ್ಲ. ಅದು ಗಾದ್ರೇಜಿನ ಮೇಲೆ, ಫರಸಿ ಕಲ್ಲಿನ ಮಾಳಿಗೆ ಕೆಳಗೆ, ಮೇ ತಿಂಗಳ 43 ಡಿಗ್ರಿ ಬಿಸಿಯಲ್ಲಿ ಬೇಯುತ್ತಾ ಬಿದ್ದಿರುತ್ತಿತ್ತು. ಬಿಸಿಲು, ಬಿಸಿ ಎರಡೂ ಆ ಬಣ್ಣದ ಪದರಕ್ಕೆ ಆಗದು.

ಇನ್ನೊಂದು ಮಾತು. ಜನ ಸಿಡಿಯ ಕೆಳಮೈಯನ್ನು ಮಗುವಿನ ಕೆನ್ನೆ ಒರೆಸಿದ ಹಾಗೆ ಒರೆಸುತ್ತಾರೆ, ಮೇಲ್ಮೈ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆಯುತ್ತಾರೆ. ಬೇಕಾದದ್ದು ಇದರ ಉಲ್ಟಾ. ಸಿಡಿಯಲ್ಲಿ ಹೊಳೆಯುವ ಪದರ ಇರುವುದು ಮೇಲುಗಡೆ, ತೆಳುವಾದ ವಾರ್ನಿಷಿನ ಕೆಳಗೆ. ಕೆಳಗಿನ ಗೀರು ಉಜ್ಜಿದರೆ ಹೋದೀತು, ಮೇಲಿನದು ಹೋಗುವುದಿಲ್ಲ. ಫೋಟೊ ಸ್ಟುಡಿಯೋದವರು ಮದುಮಕ್ಕಳ ಮುಖದ ದುಂಡನೆಯ ಸ್ಟಿಕರ್ ಅಂಟಿಸಿ ಕೊಡುತ್ತಿದ್ದರಲ್ಲ, ಅದರ ಅಂಚು ಒಣಗಿ ಎದ್ದಿತೆಂದು ಯಾರಾದರೂ ಕೀಳಲು ಹೋದರೆ ಸ್ಟಿಕರಿನ ಜೊತೆ ಮದುವೆಯೂ ಎದ್ದು ಬರುತ್ತದೆ. ಡಿವಿಡಿ ಈ ವಿಷಯದಲ್ಲಿ ಜಾಣ: ಪದರವನ್ನು ಎರಡು ತಟ್ಟೆಗಳ ನಡುವೆ ಬಚ್ಚಿಟ್ಟುಕೊಂಡಿದೆ.

ಡಿಸ್ಕ್ ಸರಿಯಾಗಿದ್ದರೂ ಆಪರೇಟಿಂಗ್ ಸಿಸ್ಟಮ್ ಸುಮ್ಮನೆ ಇರಬೇಕಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬೇರೆ ಸಾಫ್ಟ್‌ವೇರ್ ಇಲ್ಲದೆಯೇ ಸಿಡಿ ಬರೆಯಬಹುದಿತ್ತು. 2007ರಲ್ಲಿ ವಿಸ್ಟಾ ಬಂದು, ಖಾಲಿ ಡಿಸ್ಕ್ ಹಾಕಿದ ಕೂಡಲೇ ಎರಡು ದಾರಿ ತೋರಿಸಿತು. ಸುಮ್ಮನೆ ಎಂಟರ್ ಒತ್ತಿದವರ ಡಿಸ್ಕು ಕಂಪ್ಯೂಟರಿನಲ್ಲಷ್ಟೇ ತೆರೆಯುತ್ತಿತ್ತು. ಬೀಗರ ಮನೆಯ ಹಳೆಯ ಪ್ಲೇಯರಿಗೆ ಹಾಕಿದರೆ 'ನೋ ಡಿಸ್ಕ್'. ಡಿಸ್ಕು ಕಣ್ಣೆದುರಿಗೇ ಇದೆ, ಈಗಷ್ಟೇ ಕೈಯಾರೆ ಹಾಕಿದ್ದೇವೆ, ಆದರೂ ಇಲ್ಲ. ಮುಂದೆ ವಿಂಡೋಸ್ 7 ಅದೇ ಪ್ರಶ್ನೆಯನ್ನು ಬಿಡಿಸಿ ಕೇಳಿತು: ಪೆನ್ ಡ್ರೈವಿನ ಹಾಗೆ ಬಳಸುತ್ತೀರೋ, ಪ್ಲೇಯರಿಗೆ ಹಾಕುತ್ತೀರೋ? ಇಷ್ಟನ್ನು ಮೊದಲೇ ಕೇಳಿದ್ದರೆ ಎಷ್ಟೋ ಬೀಗರ ಮನೆಗಳಲ್ಲಿ ಮಾನ ಉಳಿಯುತ್ತಿತ್ತು. 2012ರ ವಿಂಡೋಸ್ 8ರಲ್ಲಿ ಡಿವಿಡಿ ಸಿನಿಮಾ ತೋರಿಸುವ ವ್ಯವಸ್ಥೆಯನ್ನೇ ತೆಗೆದರು. ಡಿಸ್ಕಿನ ಸಂಕೇತಗಳನ್ನು ಬಿಡಿಸಿ ಚಿತ್ರವಾಗಿಸುವ ಡಿಕೋಡರಿನ ಲೈಸೆನ್ಸಿಗೆ ದುಡ್ಡು ಹೋಗುತ್ತದಂತೆ. ಸ್ಟಾರ್ಟ್ ಗುಂಡಿಯೂ ಅದೇ ಸಲ ಹೋಯಿತು. ಮರುವರ್ಷ ಬಂತು, 2021ರ ವಿಂಡೋಸ್ 11ರಲ್ಲಿ ನಡುವೆ ಬಂದು ಕೂತಿತು. 1995ರಿಂದ ಎಡಮೂಲೆಗೆ ಹೋಗಿ ಅಭ್ಯಾಸವಾದ ಕೈ ಇವತ್ತಿಗೂ ಅಲ್ಲಿಗೇ ಹೋಗುತ್ತದೆ.

ವಿಂಡೋಸ್ 11 ಇನ್ನೊಂದನ್ನೂ ಕೇಳಿತು: ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಯಂತ್ರದಲ್ಲಿ ಇರಬೇಕು. ಇಲ್ಲದವರಿಗೆ ಪ್ರವೇಶವಿಲ್ಲ. ಇತ್ತ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ದಿನವೂ ತಕರಾರಿಲ್ಲದೆ ಚಾಲೂ ಆಗುವ, ಡಿಸ್ಕಿನ ಬಾಯಿಯೂ ಇರುವ ಹಳೆಯ ಡೆಸ್ಕ್‌ಟಾಪು ಗುಜರಿಗೆ. ಬಾಯಿಲ್ಲದ ಹೊಸದು ಮನೆಗೆ. ಹೊಸದಕ್ಕೆ ಈ ರೈಟರ್ ಸಿಕ್ಕಿಸಿದರೆ ಕೆಲವೊಮ್ಮೆ ಕಾಣುವುದೇ ಇಲ್ಲ. ಒಂದು ಯುಎಸ್‌ಬಿ ಕಿಂಡಿಯ ವಿದ್ಯುತ್ತು ಡಿಸ್ಕ್ ತಿರುಗಿಸಲು ಸಾಲದಾದರೆ ಎರಡು ಬಾಲದ ವೈರು ಬೇಕು. ಲ್ಯಾಪ್‌ಟಾಪಿಗೆ ಇರುವುದೇ ಎರಡು ಕಿಂಡಿ. ಆಮೇಲೆ ಪೆನ್ ಡ್ರೈವ್ ಎಲ್ಲಿ ಹಾಕುವುದು?

ಈ ಎಲ್ಲ ಅಡ್ಡಿಗಳನ್ನು ದಾಟಿ ಫೈಲ್ ತೆರೆದರೂ ಕನ್ನಡದವರಿಗೆಂದೇ ಕಾದಿಟ್ಟ ತಾಪತ್ರಯ ಒಂದಿದೆ. ನಿವೃತ್ತ ಮಾಸ್ತರರೊಬ್ಬರು ತಮ್ಮ ಉಪನ್ಯಾಸಗಳ ಸಿಡಿ ತಂದಿದ್ದರು. 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿದ್ದು, ಎಲ್ಲ ಯಂತ್ರಗಳಿಗೂ ಒಂದೇ ಆದ ಯುನಿಕೋಡ್ ಅಕ್ಷರ ಸಂಕೇತ ನಮ್ಮ ಕಡೆ ರೂಢಿಯಾಗುವ ಮೊದಲು. ಡಿಸ್ಕ್ ಓದಿತು, ಫೈಲ್ ತೆರೆಯಿತು, ಪರದೆಯ ತುಂಬ ಕೊಂಬು ಕೋಡು ಮೂಡಿದ ಇಂಗ್ಲಿಷ್ ಅಕ್ಷರಗಳು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದು ನಾ ಹೇಳಿದ್ದಲ್ಲರಿ." ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷಿನ ಸಂಕೇತಗಳೇ, ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡವೇ ಇಲ್ಲ. ಅದೇ ಫಾಂಟ್ ಹುಡುಕಿ ಹಾಕಿದ ಮೇಲೆ ಸಾಲುಗಳು ಒಂದೊಂದಾಗಿ ತಿರುಗಿ ಕನ್ನಡವಾದವು. ಯುನಿಕೋಡಿಗೆ ಬದಲಿಸುವಾಗ ಒಂದಷ್ಟು ಒತ್ತಕ್ಷರಗಳು ಎಡವಿದವು. ಅವನ್ನು ಮಾಸ್ತರರೇ ಪಕ್ಕದಲ್ಲಿ ಕೂತು, ಹಾಳೆ ತಿದ್ದುವ ಹುಮ್ಮಸ್ಸಿನಲ್ಲಿ ತಿದ್ದಿಸಿದರು.

ಬರಹ ಇದ್ದೂ ಓದಲು ಬಾರದಿರುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನದ ಚಪ್ಪಡಿಯೊಂದನ್ನು ಯಾರೋ ದೇವಿಯ ಮೂರ್ತಿಗೆ ಪೀಠ ಮಾಡಿದ್ದರು, ನಡುವೆ ತೂತು ಕೊರೆದು. 1980ರ ದಶಕದಲ್ಲಿ ಆ ಗುಡಿಯ ಮಾಳಿಗೆ ಕುಸಿದ ಮೇಲೆಯೇ ಕಲ್ಲಿನ ಮೇಲಿನ ಬರಹ ಹೊರಜಗತ್ತಿಗೆ ಕಂಡದ್ದು. ಕೊರೆದವನ ತಪ್ಪು ಎನ್ನಲಾರೆ. ಬ್ರಾಹ್ಮಿ ಲಿಪಿ ಓದಬಲ್ಲವರೇ ಉಳಿದಿರಲಿಲ್ಲ. ಆ ಲಿಪಿಯ ಗುಟ್ಟು ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ಪನ ಕೈಗೆ ಸಿಕ್ಕಿದ್ದು 1837ರಲ್ಲಿ. ಅಷ್ಟು ಶತಮಾನ ಡಿಸ್ಕ್ ಇತ್ತು, ಡ್ರೈವ್ ಇರಲಿಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯವರು ಇದನ್ನು ಯೋಚಿಸಿದ್ದರೆಂದು ಕಾಣುತ್ತದೆ. ಅಲ್ಲಿನ 11ನೇ ಶತಮಾನದ ಶಾಸನದಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಗುರುಗಳ ಜೊತೆಗೇ ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರ ಮಾತೂ ಬರುತ್ತದೆ. ಪುಸ್ತಕ ಇಟ್ಟರೆ ಮುಗಿಯಿತು ಅಂದುಕೊಳ್ಳದೆ, ಅದಕ್ಕೊಬ್ಬ ಆಳನ್ನೂ ಇಟ್ಟರು. ನಮ್ಮ ಓಣಿಯ ಭಂಡಾರಿಗನಿಗೆ ದತ್ತಿ ಹೋಗಲಿ, ಡಿಸ್ಕ್ ತಂದವರಿಗೆಲ್ಲ ಚಹಾ ಕೊಡುವ ಖರ್ಚೂ ಅವನದೇ.

ಪೆನ್ ಡ್ರೈವ್, ಹಾರ್ಡ್ ಡಿಸ್ಕುಗಳಾದರೂ ನಂಬಿಗಸ್ತವೇ? ಒಂದು ಟಿಬಿ ಎಂದು ಕೊಂಡ ಹಾರ್ಡ್ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ತೋರಿಸುತ್ತದೆ. ತಯಾರಿಸುವವರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಇದು ಸಣ್ಣ ತೂತು. ಎದುರು ಮನೆಯ ಹುಡುಗ ಕೆಲವೇ ನೂರು ರೂಪಾಯಿಗೆ ಎರಡು ಟಿಬಿಯ ಪೆನ್ ಡ್ರೈವ್ ತಂದಿದ್ದ. ಯಂತ್ರವೂ ಎರಡು ಟಿಬಿ ಎಂದೇ ತೋರಿಸಿತು. ಇಂಥವುಗಳ ಒಳಗಿನ ಚಿಪ್ಪು ಎಂಟೋ ಹದಿನಾರೋ ಜಿಬಿಯದಾಗಿರುತ್ತದೆ. ಅದನ್ನು ನಡೆಸುವ ಕಂಟ್ರೋಲರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ತುಂಬಿದ ಮೇಲೂ ಅದು ಬೇಡ ಎನ್ನುವುದಿಲ್ಲ. ಹಾಕಿದ್ದನ್ನೆಲ್ಲ ತೆಗೆದುಕೊಂಡ ಹಾಗೆ ಮಾಡಿ, ಹಳೆಯದರ ಮೇಲೆಯೇ ಬರೆಯುತ್ತದೆ ಇಲ್ಲವೆ ಚೆಲ್ಲುತ್ತದೆ. "ಹೆಸರೆಲ್ಲ ಅವ ಸರ್, ಒಂದೂ ಓಪನ್ ಆಗವಲ್ದು." ಅವನಿಗೆ ಹೇಳಿದೆ, ಹೊಸ ಪೆನ್ ಡ್ರೈವ್ ತಂದರೆ ಮೊದಲು ಪೂರ್ತಿ ತುಂಬಿಸಿ, ಎಲ್ಲವೂ ತೆರೆಯುತ್ತದೆಯೇ ಎಂದು ನೋಡು. ಅಷ್ಟು ತುಂಬಿಸಲು ತನ್ನ ಹತ್ತಿರ ಏನೂ ಇಲ್ಲ ಅಂದ. ಮತ್ತೆ ಎರಡು ಟಿಬಿ ಯಾಕೆ ಬೇಕಿತ್ತೋ.

ಮೊನ್ನೆ ಮೂರನೆಯ ಮನೆಯ ಅಕ್ಕ ಬಂದಿದ್ದಳು, ಸೆರಗಿನಲ್ಲಿ ಸುತ್ತಿಕೊಂಡ ಡಿಸ್ಕ್ ಸಮೇತ. ತಂಗಿಯ ಮದುವೆ. "ಪೂರಾ ಬ್ಯಾಡ್ರಿ ಅಣ್ಣಾರ, ಆಯೇರಿ ಮಾಡಿದ್ದು ಅಷ್ಟ ತೋರಿಸ್ರಿ." ನಮ್ಮ ಕಡೆ ಮದುವೆಯ ವಿಡಿಯೊ ನೆನಪಿಗಲ್ಲ, ಲೆಕ್ಕಕ್ಕೆ. ಯಾರು ಯಾರಿಗೆ ಏನು ಉಡಿಸಿದರು ಎಂಬುದಕ್ಕೆ ಬೇರೆ ದಾಖಲೆ ಯಾರ ಹತ್ತಿರವೂ ಇಲ್ಲ. ವಾರದಲ್ಲಿ ಅವರ ಸೋದರತ್ತೆಯ ಮನೆಯಲ್ಲಿ ಮದುವೆಯಂತೆ. ಅವರು ಅಂದು ತಂದಿದ್ದು ಎಂಥ ಸೀರೆ ಎಂದು ಮನೆಯಲ್ಲಿ ಜಗಳ ನಡೆದಿದೆ. ಗಂಡ ಇಳಕಲ್ ಅನ್ನುತ್ತಾನೆ, ಇವಳು ಸಾದಾ ಅನ್ನುತ್ತಾಳೆ.

ಡಿವಿಡಿಯಲ್ಲಿ ವಿಡಿಯೊ ಒಂದೇ ಕಡತವಾಗಿ ಇರುವುದಿಲ್ಲ, ಒಂದೊಂದು ಜಿಬಿಯ ತುಂಡು. ಮೊದಲ ತುಂಡಿನಲ್ಲಿ ಅರಿಶಿಣ, ಎರಡನೆಯದರಲ್ಲಿ ಅಕ್ಕಿಕಾಳು, ಮೂರನೆಯದರ ಅರ್ಧ ಬರೀ ಊಟ. ಕ್ಯಾಮೆರಾದವನಿಗೆ ಜನ ಬಾಯಿಗೆ ತುತ್ತಿಡುವುದನ್ನು ಹತ್ತಿರದಿಂದ ತೆಗೆಯುವ ಚಟ. ನಾಲ್ಕನೆಯದರಲ್ಲಿ ಆಯೇರಿ ಬಂತು. ಸೋದರತ್ತೆ ಪೊಟ್ಟಣ ಹಿಡಿದು ಮಂಟಪ ಹತ್ತುತ್ತಲೇ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ರೈಟರ್ ಒಳಗೊಳಗೇ ಗೊರಗೊರ ಅಂದಿತು. ಡಿಸ್ಕ್ ತೆಗೆದು, ಒರೆಸಿ, ನಡುವಿನಿಂದ ಅಂಚಿಗೆ ನೇರವಾಗಿ ಮೆಲ್ಲಗೆ ಒರೆಸಿ, ಮತ್ತೆ ಹಾಕಿದೆ. ಈ ಸಲ ಒಂದು ಕ್ಷಣ ಸೀರೆಯ ಅಂಚು ಕಂಡಿತು. ನಿಲ್ಲಿಸಿದೆ.

ಅಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಮೊಬೈಲಿನಲ್ಲಿ ಅದರ ಫೋಟೊ ಹೊಡೆದು, ಅಲ್ಲಿಂದಲೇ ಗಂಡನಿಗೆ ಫೋನ್ ಹಚ್ಚಿದಳು. "ಸಾದಾನೇ ಅದ. ನಾ ಹೇಳಿದ್ದಿಲ್ಲೇನು? ಬಜಾರದಾಗ ಕಂಡಿದ್ದು ತಗೊಂಡು ಬರಬ್ಯಾಡ, ನಿಲ್ಲು, ನಾನೂ ಬರ್ತೀನಿ." ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ತಿರುಗಿ, ಡಿಸ್ಕ್ ನಿಮ್ಮಲ್ಲೇ ಇರಲಿ, ಮುಂದಿನ ತಿಂಗಳು ಕಾಕಾನ ಮಗನ ಮದುವೆಗೂ ಬೇಕಾಗ್ತದ ಅಂದಳು.